ಆಲ್ತಾರಿನ ಬಸಳೆ ಬಳ್ಳಿ

ಕಾರವಾರದ ಮರಗೆಲಸದ ಅಂಗಡಿಯೊಂದರಲ್ಲಿ ನಾನು ನಕ್ಷೆ ಬರೆಯುವವಳು. ಕಳೆದ ಮಳೆಗಾಲ ಮುಗಿದ ಮೇಲಿನ ಮೊದಲ ಸೋಮವಾರ, ಅಂಕೋಲೆ ಕಡೆಯ ಹಳೆಯ ಇಗರ್ಜಿಯೊಂದಕ್ಕೆ ಅಳತೆ ತೆಗೆಯಲು ಹೋದೆ. ಅಂದಿನ ದಿನಚರಿಯಲ್ಲಿ ಹೀಗಿದೆ: ಗಂಟೆಗೋಪುರ ಎರಡು, ತಿರುಚಿದ ಕಂಬ ನಾಲ್ಕು, ರೆಕ್ಕೆಯ ದೇವದೂತರು ಹನ್ನೊಂದು, ಅವರಲ್ಲಿ ಮೂಗು ಉಳಿದವರು ಒಂಬತ್ತು.

ಹೊರಗಿನಿಂದ ಅದು ಸುಣ್ಣ ಬಳಿದ ಬಿಳಿ ಗೋಡೆ. ಮುಂಗೋಡೆಯ ನೆತ್ತಿಯಲ್ಲಿ ಮಾತ್ರ ಎರಡು ಸುರುಳಿಗಳು, ದಡಕ್ಕೆ ಮಗುಚುವ ತೆರೆಯ ಹಾಗೆ, ಒಳಕ್ಕೆ ಬಾಗಿವೆ. ಬಾಗಿಲು ದಾಟಿದರೆ ಕಣ್ಣು ನೇರ ಆಲ್ತಾರಿಗೆ ಹೋಗುತ್ತದೆ. ಪೂಜೆಯ ಮೇಜಿನ ಹಿಂದೆ ನೆಲದಿಂದ ಮಾಡಿನವರೆಗೆ ನಿಂತ ಮರದ ಕೆತ್ತನೆ, ಮೈತುಂಬ ಚಿನ್ನದ ರೇಕು. ಯುರೋಪಿನ ಬರೋಕ್ ಶೈಲಿಯ ಕೆಲಸ. ಅಂಗೈಯಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಕಂಬಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಏರುತ್ತವೆ. ಅವುಗಳ ಮೇಲೆ ಬಳ್ಳಿ, ಬಳ್ಳಿಯಲ್ಲಿ ಗೊಂಚಲು. ಎಡತುದಿಯ ಕಂಬದ ಬುಡವನ್ನು ಗೆದ್ದಲು ತಿಂದಿತ್ತು.

ಇದು ಯಾವುದೋ ಹೊರದೇಶದಿಂದ ತಂದಿಟ್ಟದ್ದು ಎಂದುಕೊಂಡಿದ್ದ ಇಗರ್ಜಿ ಸಮಿತಿಯ ಹಿರಿಯರೊಬ್ಬರಿಗೆ ಎಲ್ಲವನ್ನೂ ಕಿತ್ತು ಅಮೃತಶಿಲೆ ಹಾಕಿಸುವ ಆಸೆ. ಪಾದ್ರಿಗಳು ಒಂದು ಷರತ್ತು ಹಾಕಿದರು. ಹೊಸ ಬುಡ ಹಳೆಯ ಕಂಬಕ್ಕೆ ಹೊಂದಿದರೆ ಆಲ್ತಾರು ಉಳಿಯುತ್ತದೆ. ಇಲ್ಲವಾದರೆ ಇಗರ್ಜಿಯ ಹಬ್ಬ ಮುಗಿದ ಕೂಡಲೇ ಅಮೃತಶಿಲೆ. ಆ ಕೆತ್ತನೆ ಕಣ್ಣೆದುರು ಒಡೆದು ಬೀಳುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ಉಳಿದ ಕಂಬಗಳ ಬುಡ ನೋಡಿ ಬರೆಯೋಣವೆಂದರೆ, ಅಲ್ಲಿ ರೇಕಿನ ಮೇಲೆ ಚಿನ್ನದ ಬಣ್ಣ ಬಳಿದು ಬಳಿದು ಎಲೆಯ ಅಂಚೇ ಮುಚ್ಚಿಹೋಗಿತ್ತು. ದ್ರಾಕ್ಷಿ ಬಳ್ಳಿ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ದ್ರಾಕ್ಷಿಯನ್ನೇ ಬರೆದೆ, ಅಂಗಡಿಯ ಆಚಾರಿಗಳು ಅದನ್ನೇ ಕೆತ್ತಿದರು. ಇಟ್ಟು ನೋಡಿದರೆ ಸ್ವಲ್ಪವೂ ಹೊಂದಲಿಲ್ಲ.

"ನಮ್ಮ ಕಂಬಕ್ಕೆ ಯಾರದೋ ಕಾಲು ಜೋಡ್ಸಿದ್ಯಲ್ಲೇ ಬಾಯ್! ಇದಕ್ಕಿಂತ ಶಿಲೆನೇ ಚಲೋ," ಎಂದರು ಆ ಹಿರಿಯರು.

ಏಣಿ ಹತ್ತಿ, ಬಣ್ಣ ತಾಗದ ಮೇಲ್ಭಾಗ ನೋಡಿದೆ. ದ್ರಾಕ್ಷಿಯ ಎಲೆಗಿರುವ ಸೀಳುಗಳು ಅಲ್ಲಿರಲಿಲ್ಲ. ದಪ್ಪ ಎಲೆ, ದುಂಡು ಬುಡ, ಒಂದೇ ಚೂಪು. ಎಲ್ಲೋ ಕಂಡಿದ್ದೇನೆ ಅನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಭಾನುವಾರ ಚಿತ್ತಾಕುಲದ ನಮ್ಮ ಮನೆಯಲ್ಲಿ ಆಯಿ, ಸಿಗಡಿ ಸಾರಿಗೆ ಬಸಳೆ ಕೊಯ್ದು ತಾ ಎಂದು ಹಿತ್ತಲಿಗೆ ಕಳಿಸಿದಳು. ಚಪ್ಪರದ ಬಳ್ಳಿ ಹಣ್ಣು ಬಿಟ್ಟಿತ್ತು. ಗೊಂಚಲು ಒಡೆದು ಬೆರಳೆಲ್ಲ ನೇರಳೆಯಾಯಿತು. ಎಲೆ ತಿರುಗಿಸಿ ನೋಡಿದೆ. ದುಂಡು ಬುಡ, ಒಂದೇ ಚೂಪು!

ಉದ್ದದ ಒಂದು ಬಳ್ಳಿ ಕಿತ್ತು ಸ್ಕೂಟರಿನ ಹ್ಯಾಂಡಲಿಗೆ ಸುತ್ತಿದೆ.

"ಬಸಳೆ ಹೊತ್ಕಂಡು ಎಲ್ಲಿಗೆ ಹೊಂಟ್ಯೇ?" ಆಯಿ ಕೂಗಿದಳು.

"ಇಗರ್ಜಿಗೆ!"

"ಹಾಂಗಾರೆ ಸಿಗಡಿನೂ ಒಯ್ಯೇ, ಪಾದ್ರಿಗೆ ಸಾರಾದ್ರೂ ಆಗ್ತದೆ!"

ಪೂಜೆ ಮುಗಿಸಿದ ಪಾದ್ರಿಗಳೂ ಆ ಹಿರಿಯರೂ ಅಲ್ಲೇ ಇದ್ದರು. ಏಣಿ ಹತ್ತಿ ಬಳ್ಳಿಯನ್ನು ಕಂಬಕ್ಕೆ ಹಿಡಿದೆ. ಎಲೆಗೆ ಎಲೆ, ಗೊಂಚಲಿಗೆ ಗೊಂಚಲು. ಪಾದ್ರಿಗಳು ಜೋರಾಗಿ ನಕ್ಕರು.

"ಆಗಿನ ಪಾದ್ರಿ ಕೊಂಕಣಿಯಲ್ಲಿ 'ವಾಲ್' ಕೆತ್ತು ಅಂದಿರ್ಬೇಕು, ಬಳ್ಳಿ ಅಂತ. ನಮ್ಮೂರ ಆಚಾರಿ 'ವಾಳಿ' ಅಂತ ಕೇಳ್ಕಂಡಿದ್ದಾನೆ!" ವಾಳಿ ಎಂದರೆ ಬಸಳೆ. ದ್ರಾಕ್ಷಿಯನ್ನು ಆತ ಕಂಡೇ ಇರಲಿಕ್ಕಿಲ್ಲ.

ಹಿರಿಯರು ನಗಲಿಲ್ಲ. ಬಳಿ ಬಂದು ಕಂಬ ಸವರಿದರು. "ಅಂದ್ರೆ ಇದು ಹೊರಗಿಂದ ತಂದದ್ದಲ್ವಾ? ಇಲ್ಲೇ ಮಾಡಿದ್ದಾ?"

"ನಿಮ್ಮ ಹಿತ್ತಲ ಚಪ್ಪರ ನೋಡಿಯೇ ಮಾಡಿದ್ದು," ಎಂದೆ.

"ಮತ್ತೆ ನನ್ನ ಮುಖ ಎಂತ ನೋಡ್ತೆ? ಬೇಗ ಕೆತ್ಸು!"

ಬಸಳೆಯನ್ನೇ ಮುಂದಿಟ್ಟುಕೊಂಡು ಬರೆದೆ. ಸಾಗವಾನಿಯಲ್ಲಿ ಕೆತ್ತಿ, ರೇಕು ಹಚ್ಚಿ, ಬುಡ ಕೂರಿಸಿದಾಗ ಜೋಡಣೆಯ ಗೆರೆ ನನಗೇ ಸಿಗಲಿಲ್ಲ. ಹಬ್ಬದ ದಿನ ಮೇಣದ ದೀಪಗಳ ಬೆಳಕಿನಲ್ಲಿ ನಾಲ್ಕೂ ಕಂಬ ಒಂದೇ ಉಸಿರಿನಲ್ಲಿ ಏರುತ್ತಿದ್ದವು. ಪರವೂರಿನ ನೆಂಟರನ್ನು ಹಿರಿಯರೇ ಕರೆತಂದು ಎಲೆ ಎಲೆಯನ್ನೂ ತೋರಿಸುತ್ತಿದ್ದರು.

ಅವರಲ್ಲೊಬ್ಬರು ಕೇಳಿದರು, "ಅಮೃತಶಿಲೆ ಹಾಕಿಸ್ತೇನೆ ಅಂದಿದ್ರಲ್ಲ?"

ಹಿರಿಯರು ಕಂಬದ ಬುಡ ತಟ್ಟಿದರು. "ಶಿಲೆಯಲ್ಲಿ ಎಲ್ಲಾದ್ರೂ ಬಸಳೆ ಬೆಳೀತದ್ಯಾ, ಮಾರಾಯಾ?"