ಸೂಲಗಿತ್ತಿ ಪೆತ್ರೋನಾ ತಿದ್ದಿದ ಸಾಕ್ಷಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಂತಾ ಒತಿಲಿಯಾ ಹಳ್ಳಿಯ ಕೊನೆಯ ಮನೆಯಲ್ಲಿ ಪೆತ್ರೋನಾ ಇಕಾಲ್ ಮಂಡಿಯೂರಿ ಕೂತು ಬಾಣಂತಿಯ ಹೊಟ್ಟೆಗೆ ಬೆಚ್ಚಗಿನ ಎಣ್ಣೆ ನೀವುತ್ತಿದ್ದಾರೆ. ಕೂಸು ಆಗತಾನೇ ಅತ್ತು ಸುಮ್ಮನಾಗಿದೆ. ಒಲೆಯ ಮೇಲೆ ಬಾಣಂತಿಗೆಂದು ಕೋಳಿಸಾರು ಕುದಿಯುತ್ತಿದೆ. ಅಪ್ಪನಾದವನು ಬಾಗಿಲಲ್ಲಿ ಚಡಪಡಿಸುತ್ತಾನೆ.

"ಅಜ್ಜೀ, ಶಾಲೆ ಹತ್ರ ಆಗ್ಲೇ ಸಾಲು ನಿಂತಿದೆಯಂತೆ."

"ನಿಂತಿರ್ಲಿ ಬಿಡು. ನಿನ್ನ ಮಗ ಏನು ವೋಟಿನ ದಿನ ನೋಡ್ಕೊಂಡು ಬಂದ್ನಾ? ನೀನು ಮೊದ್ಲು ಸೌದೆ ತಾ."

ಇವತ್ತು ಬೆಲೀಜ್ ದೇಶವಿಡೀ ಮತ ಹಾಕುತ್ತಿದೆ. ಈ ನೆಲ ತನ್ನದೆಂದು ಪಕ್ಕದ ಗ್ವಾಟೆಮಾಲಾ ಎಷ್ಟೋ ತಲೆಮಾರಿನಿಂದ ಪಟ್ಟು ಹಿಡಿದಿದೆ. ಆ ವ್ಯಾಜ್ಯವನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸಿ ಒಂದು ಕೊನೆ ಕಾಣಿಸೋಣವೇ ಬೇಡವೇ ಎಂಬುದು ಜನರ ಮುಂದಿರುವ ಪ್ರಶ್ನೆ. ಭಾಷಣ ಮಾಡಿದವರ ಫೋಟೋಗಳು ಪತ್ರಿಕೆಯಲ್ಲಿ ಬಂದಿದ್ದೇ ಬಂದಿದ್ದು. ಗಡಿಯಂಚಿನ ಈ ಮಾಯಾ ಬುಡಕಟ್ಟಿನ ಹಳ್ಳಿಯ ಅರ್ಧಕ್ಕರ್ಧ ಜನ ಇವತ್ತು ಸಾಲಿನಲ್ಲಿ ನಿಲ್ಲುವಂತಾದದ್ದು ಯಾರಿಂದ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮತದಾರರ ಪಟ್ಟಿಯನ್ನು ಈ ಸಲ ಹೊಸದಾಗಿ ಮಾಡಿದರು. ಈ ದೇಶದಲ್ಲೇ ಹುಟ್ಟಿದ್ದಕ್ಕೆ ಪುರಾವೆ ತನ್ನಿ ಎಂದರು. ಇಲ್ಲಿನವರೆಲ್ಲ ಮನೆಯ ಜಗುಲಿಯಲ್ಲೋ ಜೋಳದ ಹೊಲದ ಗುಡಿಸಲಿನಲ್ಲೋ ಹುಟ್ಟಿದವರು, ಕಾಗದ ಎಲ್ಲಿಂದ ತರಬೇಕು? ಕಾಗದವಿಲ್ಲದಿದ್ದರೆ ಹೆರಿಗೆ ಮಾಡಿಸಿದವರ ಸಾಕ್ಷಿಯಾದರೂ ನಡೆಯುತ್ತದೆ ಎಂದು ಗೊತ್ತಾದದ್ದೇ ತಡ, ಊರಿಗೆ ಊರೇ ಪೆತ್ರೋನಾ ಅವರ ಅಂಗಳಕ್ಕೆ ಬಂತು. ಮೊಣಕಾಲು ನೋವಿನ ಈ ವಿಧವೆ ಸಂತೆಯ ಬಸ್ಸು ಹತ್ತಿ, ಪುಂಟಾ ಗೋರ್ಡಾ ಪಟ್ಟಣದ ಕಚೇರಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಒಟ್ಟು ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಕೇಳಿದರೆ ಗದರುತ್ತಾರೆ: "ಎಣಿಸ್ಬಾರ್ದು. ದೃಷ್ಟಿ ಆಗುತ್ತೆ."

ಈ ಕೆಲಸ ಕಲಿತದ್ದು ಅತ್ತೆಯಿಂದ. ಕಾಡಿನ ನಡುವೆ ಮರ ಕಡಿದು ಬಿಟ್ಟ ಖಾಲಿ ಜಾಗವೇ ಇಲ್ಲಿ ಗಡಿ. ಎಲ್ಲರೂ ಅದನ್ನು ಗೆರೆ ಎನ್ನುತ್ತಾರೆ. ಗೆರೆಯಾಚೆಯೂ ಇವರದೇ ಮಾತು, ಇವರದೇ ನೆಂಟರು. ಹೆರಿಗೆಗೆಂದು ಗೆರೆ ದಾಟುವಾಗ ಎರಡೂ ಕಡೆಯ ಸೈನಿಕರು ಪೆತ್ರೋನಾರನ್ನು ತಡೆದದ್ದುಂಟು. "ಹೆರಿಗೆ ನೋವು ಗೆರೆ ನೋಡ್ಕೊಂಡು ಬರುತ್ತೇನಪ್ಪಾ ಅಂತಿದ್ದೆ. ಪಾಪ, ಹುಡುಗ್ರು, ದಾರಿ ಬಿಡ್ತಿದ್ರು," ಎನ್ನುತ್ತಾರೆ.

ಎಡವಟ್ಟಾದದ್ದು ಇಲ್ಲಿನ ಒಂದು ರೂಢಿಯಿಂದ. ಮಗು ಎಲ್ಲೇ ಹುಟ್ಟಲಿ, ಅದರ ಹೊಕ್ಕುಳಬಳ್ಳಿಯನ್ನು ಹಿರಿಯರು ತಮ್ಮ ಒಲೆಯ ಪಕ್ಕ ಹೂಳುತ್ತಾರೆ. ಬಳ್ಳಿ ಎಲ್ಲಿದೆಯೋ ಮನುಷ್ಯ ಅಲ್ಲಿಯವನು. ಕಚೇರಿಯ ಗುಮಾಸ್ತೆ ಮಿಸ್ ಪಲಾಸಿಯೊ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದಾಗ ಪೆತ್ರೋನಾ ಆ ರೂಢಿಯಂತೆಯೇ ಹೇಳುತ್ತಾ ಹೋದರು. ಬಹುಪಾಲು ಜನರಿಗೆ ಹುಟ್ಟಿದ್ದೂ ಬಳ್ಳಿ ಹೂತದ್ದೂ ಒಂದೇ ಊರು, ಹಾಗಾಗಿ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಹಿಲಾರಿಯೋ ಕೋಕ್ ಎಂಬ ರೈತನಿಗೆ. ಅವನ ಬಳ್ಳಿಯನ್ನು ಗೆರೆಯಾಚೆಯ ಅವನ ಸ್ವಂತ ಅಜ್ಜಿ ತನ್ನ ಮನೆಗೆ ಒಯ್ದು ಹೂತಿದ್ದಳು. "ಅವನು ಆ ಕಡೆಯವನು," ಎಂದಿದ್ದರು ಪೆತ್ರೋನಾ. ಪಟ್ಟಿಯಿಂದ ಹೆಸರು ಬಿತ್ತು. ಅವನು ಉರಿದುಕೊಂಡು ಬಂದ.

"ಏನಜ್ಜೀ, ನಮ್ಮ ಹೊಲದ ಗುಡಿಸಲಲ್ಲಿ ನನ್ನ ಎತ್ಕೊಂಡೋಳು ನೀನೇ, ಈ ಹಳ್ಳದಲ್ಲಿ ತೊಳೆದೋಳು ನೀನೇ! ಈಗ ನೋಡಿದ್ರೆ ನನ್ನನ್ನೇ ಪರದೇಶಿ ಮಾಡ್ಬಿಟ್ಟೆಯಲ್ಲ! ಅವ್ರು ಕೇಳೋದು ಬಳ್ಳಿ ಹೂತ ಜಾಗ ಅಲ್ಲ, ನಾನು ಹೊರಗೆ ಬಿದ್ದ ಜಾಗ!"

ತಪ್ಪು ಎಲ್ಲಾಯಿತೆಂದು ಪೆತ್ರೋನಾರಿಗೆ ಆಗ ತಿಳಿಯಿತಂತೆ. ಹಿಲಾರಿಯೋನದು ತಿದ್ದುವುದು ಸುಲಭ. ಆದರೆ ಹೀಗೆ ಬಳ್ಳಿ ಒಂದು ಕಡೆ, ಹುಟ್ಟು ಇನ್ನೊಂದು ಕಡೆ ಆದವರು ಮತ್ತೊಬ್ಬರಿದ್ದರು. ಅದು ಅವರ ಸ್ವಂತ ಮಗಳು ಎವುಲಾಲಿಯಾ. ತುಂಬು ಬಸುರಿಯಾಗಿದ್ದಾಗಲೇ ಪೆತ್ರೋನಾ ಯಾರದೋ ಹೆರಿಗೆಗೆಂದು ಗೆರೆ ದಾಟಿ ಹೋಗಿ, ಅಲ್ಲೇ ತಾವೂ ಹೆತ್ತಿದ್ದರು. ಬಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಮನೆಯ ಒಲೆಯ ಪಕ್ಕ ಹೂತಿದ್ದರು. ಆ ಲೆಕ್ಕದಲ್ಲೇ ಮಗಳನ್ನು ಈ ಕಡೆಯವಳೆಂದು ಬರೆಸಿದ್ದರು. ಅದನ್ನು ಕಂಡ ಅತ್ತೆ, ಗಂಡ ಇಬ್ಬರೂ ಈಗಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರೇ ಇರಲಿಲ್ಲ.

ಬಾಯಿ ಮುಚ್ಚಿಕೊಳ್ಳಲಿಲ್ಲ ಎಂಬುದೇ ಈ ಹೆಂಗಸಿನ ದೊಡ್ಡತನ. ಮುಂದಿನ ಬಸ್ಸಿಗೇ ಹೋಗಿ ಎರಡೂ ಸಾಕ್ಷಿಯನ್ನು ತಿದ್ದಿಸಿದರು. ಮಿಸ್ ಪಲಾಸಿಯೊ ಕಡತ ತಿರುವಿ ನೋಡಿದಳು. "ತಾಯಿ ನೀವು ಇಲ್ಲಿಯವರು, ಮಗಳ ಪೌರತ್ವಕ್ಕೇನೂ ಧಕ್ಕೆ ಇಲ್ಲಮ್ಮ. ಆದ್ರೆ ಅರ್ಜಿ ಮೊದಲಿಂದ ಆಗ್ಬೇಕು. ಈ ಮತದಾನಕ್ಕೆ ಸಿಗಲ್ಲ," ಎಂದಳು.

"ನನ್ನ ಮಗಳಿಗೊಂದು ಸುಳ್ಳು ಹೇಳಿದ್ರೆ, ಊರೋರಿಗೆಲ್ಲ ಹೇಳಿದ ನಿಜಾನೂ ಅನುಮಾನ ಆಗ್ತಿತ್ತು," ಎನ್ನುತ್ತಾರೆ ಪೆತ್ರೋನಾ. ಹೇಳುವಾಗ ಕಣ್ಣು ಬೇರೆ ಕಡೆಗಿರುತ್ತದೆ.

ಎವುಲಾಲಿಯಾಳ ಸಂಕಟವೂ ಸುಳ್ಳಲ್ಲ. ಅವಳ ಜೋಳದ ಹೊಲ ಗೆರೆಗೆ ಅಂಟಿಕೊಂಡೇ ಇದೆ. ಈ ಮತಕ್ಕಾಗಿ ಒಂದು ಸಭೆಯನ್ನೂ ತಪ್ಪಿಸದೆ, ಗಂಡಸರ ಜೊತೆ ಗಂಟಲು ಹರಿಯುವಂತೆ ವಾದಿಸಿದವಳು. "ಊರಿಗೆಲ್ಲ ವೋಟು ಕೊಡಿಸಿ ಮಗಳದ್ದು ಕಿತ್ಕೊಂಡ್ಲು ನಮ್ಮಮ್ಮ," ಎಂದು ನೆರೆಯವರ ಹತ್ತಿರ ಹೇಳಿಕೊಂಡಿದ್ದಾಳೆ. ಅಂದಿನಿಂದ ತಾಯಿಯ ಜೊತೆ ಮಾತಿಲ್ಲ. ಈಗ ಏಳು ತಿಂಗಳ ಬಸುರಿ. ಹೊಟ್ಟೆ ನೀವಿಸಿಕೊಳ್ಳಲು ಮುಂದಿನ ಹಳ್ಳಿಯ ಸೂಲಗಿತ್ತಿಯ ಬಳಿ ಹೋಗುತ್ತಿದ್ದಾಳೆ. ಅಷ್ಟು ಜನರ ಮಕ್ಕಳನ್ನು ಎತ್ತಿಕೊಂಡ ಕೈಗೆ ತನ್ನ ಮೊಮ್ಮಗುವನ್ನು ಎತ್ತಿಕೊಳ್ಳುವ ಭಾಗ್ಯ ತಪ್ಪೀತೇ ಎಂಬುದೊಂದೇ ಪೆತ್ರೋನಾರ ಕೊರಗು.

ಬಾಣಂತಿಗೆ ಸಾರು ಕುಡಿಸಿ ಅವರು ಶಾಲೆಗೆ ಬರುವಾಗ ಬಿಸಿಲೇರಿದೆ. ಸಾಲಿನಲ್ಲಿ ಕಸೂತಿ ರವಿಕೆಯ ಹೆಂಗಸರು, ಮೆಟ್ಟು ಒದರಿಕೊಳ್ಳುತ್ತಿರುವ ಗಂಡಸರು. ಹಿಲಾರಿಯೋ ತನ್ನ ಜಾಗ ಬಿಟ್ಟುಕೊಡುತ್ತಾನೆ. "ಬಾ ಅಜ್ಜೀ, ಮುಂದೆ ಬಾ. ನಮ್ಮನ್ನೆಲ್ಲ ಒಳಗೆ ತಂದೋಳು ನೀನು."

"ಹೊರಗೆ ತಂದೋಳೂ ನಾನೇ ಕಣೋ," ಎನ್ನುತ್ತಾರೆ. ಸಾಲು ಗೊಳ್ಳೆಂದು ನಗುತ್ತದೆ. ಒಳಗೆ ಯಾವುದಕ್ಕೆ ಗುರುತು ಹಾಕಿದಿರಿ ಎಂದು ಆಮೇಲೆ ಕೇಳಿದರೆ, ಬಾಣಂತಿಯರ ಗುಟ್ಟು ಕಾಯ್ದವರಿಗೆ ಅದೆಷ್ಟರದು ಎನ್ನುವ ಹಾಗೆ ನೋಡುತ್ತಾರೆ.

ಹೊರಬಂದಾಗ ತೋರುಬೆರಳಿಗೆ ಶಾಯಿ. ಅಂಗಳದ ಮಾವಿನ ಮರದ ಕೆಳಗೆ ಎವುಲಾಲಿಯಾ ನಿಂತಿದ್ದಾಳೆ. ಮತವಿಲ್ಲದಿದ್ದರೂ ಬಂದಿದ್ದಾಳೆ, ಒಂದು ಕೈ ಸೊಂಟದ ಮೇಲಿದೆ. ಅವಳು ತಾಯಿಯ ಮುಖ ನೋಡುವುದಿಲ್ಲ, ಬೆರಳು ನೋಡುತ್ತಾಳೆ.

"ಆ ಮಸಿ ಬೆರಳಲ್ಲಿ ನನ್ನ ಹೊಟ್ಟೆ ಮುಟ್ಬೇಡ, ನೋಡಿದ್ರೆ ಉರಿಯುತ್ತೆ. ಅದು ಅಳಿಸಿ ಹೋದ್ಮೇಲೆ ಬಾ."

ಅಷ್ಟೇ ಹೇಳಿ ಮನೆಯ ದಾರಿ ಹಿಡಿಯುತ್ತಾಳೆ. ಪೆತ್ರೋನಾ ನಿಂತಲ್ಲೇ ನಿಂತು, ಸೆರಗಿಲ್ಲದ ರವಿಕೆಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಸರಸರನೆ ಮತಗಟ್ಟೆಯ ಬಾಗಿಲಿಗೆ ವಾಪಸು ಹೋಗಿ, ಒಳಗಿನ ಅಧಿಕಾರಿಗೆ ಕೇಳುವಂತೆ ಕೂಗುತ್ತಾರೆ:

"ಸ್ವಾಮೀ, ನಿಂಬೆಹಣ್ಣು ಹಾಕಿ ಉಜ್ಜಿದ್ರೆ ಇದು ಬೇಗ ಹೋಗುತ್ತಾ?"