ಕೆಳಗಿನ ಮನೆಯ ಬೇಸಿನ್ನು

ಇವತ್ತು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲಿಟ್ಟೆ. ಕರ್ಟನ್ನುಗಳನ್ನು ನೆನೆಸಲು ದೊಡ್ಡ ಬಕೆಟ್ಟು ಬೇಕಿತ್ತು. ಸ್ಟೂಲು ಹತ್ತಿ ಬಚ್ಚಲಿನ ಅಟ್ಟಕ್ಕೆ ಕೈ ಹಾಕಿದೆ. ಬಕೆಟ್ಟಿನ ಹಿಂದೆ, ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಎನಾಮಲ್ ಬೇಸಿನ್ನು. ನೀಲಿ ಅಂಚು, ಒಂದು ಕಡೆ ಚಕ್ಕೆ ಎದ್ದಿದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂದರೂ ನಾನು ಇಳಿಯಲಿಲ್ಲ…

ಅದು ಕೆಳಗಿನ ಮನೆ ಆಂಟಿಯದು.

ಚಂದ್ರಾ ಲೇಔಟಿನ ಈ ಮನೆಗೆ ನಾವು ಬಂದ ಹೊಸತು. ಯಜಮಾನರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ನನಗೆ ಜ್ವರ, ಕೆಮ್ಮು. ಕರ್ಚೀಫು ಅಡ್ಡ ಹಿಡಿದು ಸದ್ದಿಲ್ಲದೆ ಕೆಮ್ಮಿ ‘ಸಾರಿ’ ಎನ್ನುವುದನ್ನು ಕಾನ್ವೆಂಟಿನಲ್ಲಿ ಕಲಿಸಿದ್ದರು. ಕಫ ಬಂದರೆ ನುಂಗುತ್ತಿದ್ದೆ. ಅಕ್ಕಪಕ್ಕದವರಿಗೆ ಕೇಳಬಾರದೆಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಕೆಮ್ಮುತ್ತಿದ್ದೆ.

ಆಂಟಿ ಜಗಳಕ್ಕೆಂದೇ ಮೇಲೆ ಬಂದರು. “ಏನಮ್ಮಾ, ಟ್ಯಾಂಕೆಲ್ಲಾ ಖಾಲಿ! ಆನೆಗೀನೆ ಸಾಕಿದೀಯಾ…” ಮಾತು ಅಲ್ಲಿಗೇ ನಿಂತಿತು. ನಾನು ಬಾಗಿಲು ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದೆ. ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದವರು ಅವರೇ. ನಲ್ಲಿ ಯಾಕೆ ಬಿಡುತ್ತಿದ್ದೆನೆಂದು ದಾರಿಯಲ್ಲಿ ಕೇಳಿ ತಿಳಿದುಕೊಂಡರು.

ಎಕ್ಸ್‌ರೇ ನೋಡಿದ ಡಾಕ್ಟರು ನ್ಯುಮೋನಿಯಾ ಎಂದರು.

“ಬ್ಯಾಕ್ಟೀರಿಯಾ ಇಷ್ಟೊಂದು ಕಫ ಮಾಡುತ್ತಾ ಸಾರ್?” ಆಂಟಿ ಕೇಳಿದರು.

“ಅದೊಂದೇ ಅಲ್ಲಮ್ಮ. ಅದು ಒಳಗೆ ಸೇರಿದ್ರೆ ಶ್ವಾಸಕೋಶದ ಜೀವಕೋಶಗಳೇ ಗುರುತು ಹಿಡಿದು ಸಂದೇಶ ಕಳಿಸ್ತವೆ. ಬಿಳಿ ರಕ್ತಕಣಗಳು ನುಗ್ಗಿ ಬರ್ತವೆ, ಜತೆಗೆ ನೀರೂ ಸೇರುತ್ತೆ. ಗಾಳಿ ಇರೋ ಜಾಗ ತುಂಬ್ಕೊಳ್ಳುತ್ತೆ. ಔಷಧಿ ಕೊಡ್ತೀನಿ, ಆದ್ರೆ ಕೆಮ್ಮು ತಡೀಬಾರ್ದು. ಉಸಿರು ಇನ್ನೂ ಕಷ್ಟ ಆದ್ರೆ ಜೀವಕ್ಕೇ ಅಪಾಯ.”

ಆಂಟಿ ನನ್ನ ಕಡೆ ತಿರುಗಿದರು. “ಕೇಳಿಸ್ಕೊಂಡ್ಯಾ? ಒಳಗಿರೋವೇ ಕಿರುಚ್ಕೊಂಡು ಜನ ಕರೀತಾ ಇದಾವೆ. ನೀನು ನೋಡಿದ್ರೆ ನಲ್ಲಿ ಬಿಟ್ಕೊಂಡು ಕೂತಿದೀಯ!”

ಮನೆಗೆ ಬಂದ ಮೇಲೆ ಬೇಸಿನ್ನಿಗೆ ಹಂಡೆ ಒಲೆಯ ಬೂದಿ ಹಾಕಿ ತಂದರು. ಬೂದಿಯಿದ್ದರೆ ಕಫ ಅಂಟುವುದಿಲ್ಲವಂತೆ. ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟಿದರು.

“ಸಾರಿ ಆಂಟಿ…”

“ಯಾರಿಗೇ ಸಾರಿ? ಕೆಮ್ಮೇ! ರೋಡಿಗೆ ಕೇಳ್ಬೇಕು!”

ತುಕ್ಕಿನ ಬಣ್ಣದ ಕಫ ಬಿತ್ತು. ಮೂಗಿನಲ್ಲಿ ಸಿಂಬಳ, ಸೀರೆಯೆಲ್ಲ ಅಸ್ತವ್ಯಸ್ತ. ಅವರು ಬಗ್ಗಿ ಬಣ್ಣ ನೋಡಿ, ತಾವೇ ಎತ್ತಿಕೊಂಡು ಹೋಗಿ ತೊಳೆದರು. ನಾಚಿಕೆಯಿಂದ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆಮೇಲೂ ದಿನಾ ಬಂದರು, ನಾನು ಚೇತರಿಸಿಕೊಳ್ಳುವವರೆಗೂ.

ಹುಷಾರಾದ ಮೇಲೆ ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನನ್ನನ್ನು ಹಾಗೆ ನೋಡಿದವರು ಬೇರೆ ಯಾರೂ ಇರಲಿಲ್ಲವಲ್ಲ… ಗೇಟಿನ ಹತ್ತಿರ ಸಿಕ್ಕರೆ ಕೈಚೀಲದ ಸೊಪ್ಪು ನೋಡುತ್ತಾ ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಬೇಸಿನ್ನು ಕೊಡಲು ಹೋದರೆ ಅದೆಲ್ಲಾ ಮಾತಿಗೆ ಬರುತ್ತದೆಂದು ಅಟ್ಟಕ್ಕೆ ಸೇರಿಸಿದೆ. ಅವರೂ ಕೇಳಲಿಲ್ಲ. ಮೇಲೆ ಬರುವುದನ್ನೂ ಬಿಟ್ಟರು. ಆಮೇಲೆ ಮನೆ ಖಾಲಿ ಮಾಡಿ ಉಲ್ಲಾಳದ ಮಗಳ ಮನೆಗೆ ಹೋದರು. ಕೆಲವು ವರ್ಷಗಳಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ‘ಸಾರಿ’ ಮಾತ್ರ ಎಷ್ಟು ಸಲ ಹೇಳಿದ್ದೆನೋ…

ಇವತ್ತು ಬೇಸಿನ್ನನ್ನು ಅಟ್ಟದಿಂದ ಇಳಿಸಿ, ತೊಳೆದು ಬಾಲ್ಕನಿಯಲ್ಲಿ ಬೋರಲು ಹಾಕಿದೆ. ಸಂಜೆ ಒಗ್ಗರಣೆಯ ಘಾಟಿಗೆ ಕೆಮ್ಮು ಒತ್ತರಿಸಿ ಬಂತು. ಅಭ್ಯಾಸಬಲ, ಕೈ ಸಿಂಕಿನ ನಲ್ಲಿಯತ್ತ ಹೋಯಿತು. ಹಿಂದಕ್ಕೆ ತೆಗೆದುಕೊಂಡು, ಬಾಲ್ಕನಿಗೆ ಬಂದು, ಬೇಸಿನ್ನಿನ ಪಕ್ಕ ನಿಂತು ಕೆಮ್ಮಿದೆ.

ಕೆಳಗಿನ ಮನೆಯಲ್ಲಿ ಈಗ ಬಾಡಿಗೆಗಿರುವಾಕೆ ಅಂಗಳದಲ್ಲಿ ಒಣಗಿದ ಬಟ್ಟೆ ಎತ್ತುತ್ತಿದ್ದಳು. ತಲೆಯೆತ್ತಿ ನಕ್ಕಳು.

“ಏನಕ್ಕಾ, ಇಷ್ಟು ವರ್ಷ ಮನೇಲಿ ನೀವಿದೀರಾ ಅನ್ನೋದೇ ಗೊತ್ತಾಗ್ತಿರ್ಲಿಲ್ಲ. ಇವತ್ತು ರೋಡಿಗೇ ಕೇಳಿಸ್ತು!”