ಮೂವತ್ತೆಂಟು ಗ್ರಾಮಿನ ಬಿಲ್ಲೆ

ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ಜುಂಜಣ್ಣನಿಗೆ ಇದ್ದದ್ದು ಒಂದೇ ಸಿಟ್ಟು. ಮೂವತ್ತೊಂದು ವರ್ಷಗಳಿಂದ ಹುಡುಗರ ಪ್ರಾಜೆಕ್ಟುಗಳಿಗೆ ಕೈಕಾಲು ಕೂಡಿಸಿಕೊಟ್ಟವನು ಅವನು. ವರದಿಯ ಮೊದಲ ಪುಟದಲ್ಲಿ ಮಾತ್ರ ಪ್ರಿನ್ಸಿಪಾಲರಿಗೆ ಧನ್ಯವಾದ, ದೇವರಿಗೆ ಧನ್ಯವಾದ, ಒಂದು ವರ್ಷವಂತೂ ಕ್ಯಾಂಟೀನಿಗೂ ಧನ್ಯವಾದ. ಅವನ ಹೆಸರು ಒಮ್ಮೆಯೂ ಅಚ್ಚಾಗಲಿಲ್ಲ. ವರ್ಷವರ್ಷವೂ ವರದಿಗಳನ್ನೆಲ್ಲ ತಿರುವಿ ನೋಡಿ, ಮುಖ ಊದಿಸಿಕೊಂಡು ಹೊಳಲ್ಕೆರೆ ಬಸ್ಸು ಹತ್ತುತ್ತಿದ್ದ.

ಈ ವರ್ಷ ರಾಕೆಟ್ ಬಂತು. ತಂಡದ ಮುಂದಾಳು ರಂಜಿತಾ ಹಿರಿಯೂರಿನ ಹುಡುಗಿ. ಮಾತು ಕಡಿಮೆ, ಲೆಕ್ಕ ಜಾಸ್ತಿ. ರಾಕೆಟ್ಟಿನ ಹೊಟ್ಟೆಯೊಳಗೆ ಕ್ಯಾಮೆರಾ ಕೂರಬೇಕು, ಪಕ್ಕದ ಕಿಂಡಿಯಿಂದ ನೆಲ ನೋಡಬೇಕು. ಅದು ಒಂದು ಮಗ್ಗುಲಿಗೆ ಕೂತರೆ ಭಾರ ಅತ್ತ ವಾಲಿ ರಾಕೆಟ್ ಸೊಟ್ಟಗೆ ಹಾರುತ್ತದೆ. ಇಪ್ಪತ್ತು ಪುಟ ಲೆಕ್ಕ ಹಾಕಿ ಅವಳು ಕಂಡುಕೊಂಡದ್ದು ಇಷ್ಟು: ಎದುರು ಮಗ್ಗುಲಿಗೆ ಮೂವತ್ತೆಂಟು ಗ್ರಾಮಿನ ಹಿತ್ತಾಳೆ ಬಿಲ್ಲೆ ಬೇಕು. ಜುಂಜಣ್ಣ ಅರ್ಧ ದಿನದಲ್ಲಿ ಕಡೆದುಕೊಟ್ಟ. ತಕ್ಕಡಿ 38.0 ತೋರಿಸಿತು, ಅವಳು ಬರೆದುಕೊಂಡಳು.

ಹೊಳಪು ಕೊಡುವುದು ಬಾಕಿ ಇದೆಯೆಂದು ಅವನು ಬಿಲ್ಲೆಯನ್ನು ಇಟ್ಟುಕೊಂಡ. ಅದು ಶುದ್ಧ ನೆಪ. ಊಟದ ಹೊತ್ತಿನಲ್ಲಿ ಚೂಪಾದ ಉಳಿ ಹಿಡಿದು, ಯಾರಿಗೂ ಕಾಣದ ಒಳಮುಖಕ್ಕೆ ತನ್ನ ಹೆಸರನ್ನು ಆಳವಾಗಿ ಕೆತ್ತಿಬಿಟ್ಟ. ಕಾಗದದಲ್ಲಿ ಜಾಗ ಕೊಡದಿದ್ದರೆ ಬೇಡ, ಆಕಾಶಕ್ಕಾದರೂ ಹೋಗಿಬರುತ್ತೇನೆಂಬ ಹಟ.

ಮರುದಿನ ರಂಜಿತಾ ಮತ್ತೊಮ್ಮೆ ತೂಗಿದಳು. 37.4. ತಕ್ಕಡಿ ಒರೆಸಿ ತೂಗಿದಳು, ಅಷ್ಟೇ ಬಂತು. ಜುಂಜಣ್ಣ ಇಲ್ಲದ ಕೆಲಸ ಹುಡುಕಿಕೊಂಡು ಲೇತಿನ ಹಿಂದೆ ಸರಿದ. ಅವಳು ಬಿಲ್ಲೆ ಮಗುಚಿದಳು, ಓದಿದಳು, ನಗಲಿಲ್ಲ.

“ತಪ್ಪಾತು ತಾಯಿ. ಕೊಡು, ಉಜ್ಜಿ ಹಾಕ್ತೀನಿ.”

“ಉಜ್ಜಿದ್ರೆ ಇನ್ನೂ ತೂಕ ಇಳಿತೈತೆ, ಬಿಡ್ರಿ ಅಣ್ಣ. ಒಂದು ಗ್ರಾಂ ಹೆಚ್ಚುಕಡಿಮೆ ಆದ್ರೂ ನಡಿತೈತೆ ಅಂತ ಲೆಕ್ಕದಾಗೆ ಐತೆ.”

ಹೆಸರು ಹಾರುವುದು ಗ್ಯಾರಂಟಿಯಾಯಿತು. ಆದರೆ ತೂಕ ಯಾಕೆ ತಪ್ಪಿತೆಂದು ವರದಿಯಲ್ಲಿ ಬರೆಯಲೇಬೇಕಂತೆ, ಅದು ನಿಯಮವಂತೆ. ರಂಜಿತಾ ಅಲ್ಲೇ ಕೂತು ‘ಲೋಪಗಳು’ ಎಂಬ ಪಟ್ಟಿಯಲ್ಲಿ 0.6 ಗ್ರಾಂ ಎಂದು ಹಾಕಿ, ಎದುರಿನ ‘ಕಾರಣ’ದ ಕಾಲಮಿನಲ್ಲಿ ‘ಜುಂಜಣ್ಣ’ ಎಂದು ಟೈಪು ಮಾಡಿ, ಪುಟವನ್ನು ಅಚ್ಚು ತೆಗೆದು ಅವನ ಕೈಗಿಟ್ಟಳು.

ಜುಂಜಣ್ಣ ಕನ್ನಡಕ ಹಾಕಿಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದ. ಸಂತೋಷಕ್ಕೆ ಕಣ್ಣು ತುಂಬಿತ್ತು. ಆಮೇಲೆ ಹಾಳೆಯನ್ನು ಮೆಲ್ಲಗೆ ಅವಳತ್ತ ಸರಿಸಿದ.

“ಇನಿಶಿಯಲ್ ಹಾಕು ತಾಯಿ. ಆಫೀಸ್‌ನಾಗೆ ಇನ್ನೊಬ್ಬ ಜುಂಜಣ್ಣ ಅವ್ನೆ. ಅವನು ಮಾಡಿದ್ದು ಅನ್ಕಂಡುಬಿಟ್ಟಾರು.”